ಇಳಿಜಾರು ಕಲಿಸಿದ ಪಾಠ: ಕ್ಲೆಸಿ ಕಮಿನ್ಸ್ ಮತ್ತು ಎಂಜಿನ್ ಬ್ರೇಕ್

ಬೈಕ್ ಇರೋರು ನಾಲ್ಕು ಜನ ಸೇರಿದರೆ ಒಂದು ವಾದ ಗ್ಯಾರಂಟಿ. ಸ್ಪೀಡ್ ಕಮ್ಮಿ ಮಾಡಬೇಕು ಅಂದರೆ ಬ್ರೇಕ್ ಹಿಡಿಯಬೇಕಾ, ಇಲ್ಲ ಗೇರ್ ಇಳಿಸಿ ಆ ಕೆಲಸ ಎಂಜಿನ್‌ಗೆ ಬಿಡಬೇಕಾ? ಗೋವಿಂದರಾಜನಗರದ ಯಾವ ಗ್ಯಾರೇಜ್ ಮುಂದೆ ನಿಂತು ಕೇಳಿದರೂ ಎರಡೂ ಪಾರ್ಟಿಯವರು ಸಿಗ್ತಾರೆ. ಪ್ಯಾಡ್ ಸವೆದರೆ ಕಮ್ಮಿ ದುಡ್ಡಿಗೆ ಹೊಸದು ಬರುತ್ತೆ, ಕ್ಲಚ್ಚು, ಗೇರ್‌ಬಾಕ್ಸು ಹಾಳಾದರೆ ಜೇಬು ಖಾಲಿ ಅನ್ನೋದು ಬ್ರೇಕ್ ಪಾರ್ಟಿಯ ವಾದ. ಬ್ರೇಕ್ ಮೇಲೇ ನಂಬಿಕೆ ಇಟ್ಟು ಘಾಟಿ ಇಳಿದು ನೋಡು, ಆಮೇಲೆ ಮಾತಾಡು ಅನ್ನೋದು ಗೇರ್ ಪಾರ್ಟಿಯ ವಾದ. ಇವೆರಡೂ ಬೇಡ ಅಂತ ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸ್ತೀನಿ ಅನ್ನೋ ಮೂರನೇ ಪಾರ್ಟಿಯೂ ಇದೆ. ಅದರ ಬಗ್ಗೆ ಕೊನೆಗೆ ಬರ್ತೀವಿ.

ಈ ವಾದವನ್ನ ನಾವು ಬಗೆಹರಿಸೋ ಬದಲು, ಇದೇ ಪ್ರಶ್ನೆ ಒಂದು ದಿನ ಜೀವನ್ಮರಣದ ಪ್ರಶ್ನೆಯಾಗಿ ಎದುರಾದ ಒಬ್ಬ ಮನುಷ್ಯನ ಕಥೆ ಹೇಳೋಣ ಅಂದುಕೊಂಡಿದ್ದೀವಿ. ಅವರ ಹೆಸರನ್ನ ನೀವೆಲ್ಲ ಓದಿರ್ತೀರ. ಅಪಾರ್ಟ್‌ಮೆಂಟ್, ಆಸ್ಪತ್ರೆ, ಕಾಲೇಜುಗಳ ಹಿಂದೆ ಕರೆಂಟ್ ಹೋದಾಗ ಗುಡುಗೋ ಡೀಸೆಲ್ ಜನರೇಟರ್‌ಗಳ ಮೇಲೆ ಎಷ್ಟೋ ಸಲ ಕಮಿನ್ಸ್ ಅಂತ ಬರೆದಿರುತ್ತೆ. ಅದು ಒಂದು ಕಂಪನಿಯ ಹೆಸರು ಅಂತ ಎಲ್ಲರಿಗೂ ಗೊತ್ತು. ಅದಕ್ಕಿಂತ ಮೊದಲು ಅದು ಒಬ್ಬ ಮನುಷ್ಯನ ಹೆಸರು: ಕ್ಲೆಸಿ ಲೈಲ್ ಕಮಿನ್ಸ್.

ಓದಿದ್ದು ಎಂಟನೇ ಕ್ಲಾಸು

ಕ್ಲೆಸಿ ಹುಟ್ಟಿದ್ದು 1888ರ ಡಿಸೆಂಬರ್‌ನಲ್ಲಿ, ಅಮೆರಿಕದ ಇಂಡಿಯಾನಾ ರಾಜ್ಯದ ಒಂದು ರೈತ ಕುಟುಂಬದಲ್ಲಿ. ಎಂಟನೇ ತರಗತಿಗೆ ಓದು ಮುಗಿಯಿತು. ಇವತ್ತು ಅವರ ಎಂಜಿನ್‌ಗಳನ್ನ ಪುಸ್ತಕದಲ್ಲಿ ಓದಿ ಇಂಟರ್ನಲ್ಸ್ ಬರೆಯೋ ನಮಗೆ ಇದು ಸ್ವಲ್ಪ ಮುಜುಗರದ ವಿಷಯವೇ. ಹುಡುಗನಾಗಿದ್ದಾಗಲೇ ಸಣ್ಣದೊಂದು ಸ್ಟೀಮ್ ಎಂಜಿನ್ ಮಾಡಿ ಓಡಿಸಿದ್ದರು ಅಂತ ಅವರ ಬಗ್ಗೆ ಬರೆದವರೆಲ್ಲ ಹೇಳ್ತಾರೆ.

ಕೊಲಂಬಸ್ ಅನ್ನೋ ಊರಿನಲ್ಲಿ ಡಬ್ಲ್ಯು. ಜಿ. ಇರ್ವಿನ್ ಅನ್ನೋ ಬ್ಯಾಂಕರ್ ಇದ್ದರು. ಕಾರು ಅಂದರೆ ಜನ ರಸ್ತೆ ಬದಿಗೆ ಬಂದು ನಿಂತು ನೋಡ್ತಿದ್ದ ಕಾಲ ಅದು. ಇರ್ವಿನ್ ತಮ್ಮ ಕಾರು ಓಡಿಸೋಕೆ, ರಿಪೇರಿ ಮಾಡೋಕೆ ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಕ್ಲೆಸಿಯನ್ನ ಕೆಲಸಕ್ಕೆ ಇಟ್ಟುಕೊಂಡರು. ಡ್ರೈವರ್ ಆಗಿ ಬಂದ ಹುಡುಗನ ಕೈಚಳಕ ನೋಡಿ, ಇವನಿಗೆ ಗ್ಯಾರೇಜ್ ಹಾಕಿಕೊಟ್ಟರೆ ಉಪಯೋಗ ಆದೀತು ಅಂತ ಧನಿಗೆ ಅನ್ನಿಸಿತು. ಆ ಗ್ಯಾರೇಜ್ ಮೆಷಿನ್ ಶಾಪ್ ಆಯಿತು. 1919ರ ಫೆಬ್ರವರಿಯಲ್ಲಿ, ಇರ್ವಿನ್ ಅವರ ದುಡ್ಡು ಮತ್ತು ಕ್ಲೆಸಿಯ ತಲೆ ಎರಡೂ ಸೇರಿ ಕಮಿನ್ಸ್ ಎಂಜಿನ್ ಕಂಪನಿ ಹುಟ್ಟಿತು.

ಅವರು ಆರಿಸಿಕೊಂಡದ್ದು ಡೀಸೆಲ್ ತರಹದ ಎಂಜಿನ್. ರುಡಾಲ್ಫ್ ಡೀಸೆಲ್ 1913ರಲ್ಲೇ ತೀರಿಹೋಗಿದ್ದರು. ಅವರ ಎಂಜಿನ್ ಹಡಗಿಗೆ, ಪವರ್ ಹೌಸ್‌ಗೆ ಸರಿ, ರಸ್ತೆ ಮೇಲೆ ಓಡೋ ಗಾಡಿಗೆ ಆಗಿಬರಲ್ಲ ಅನ್ನೋದು ಆಗಿನವರ ಅಭಿಪ್ರಾಯ. ತೂಕ ಜಾಸ್ತಿ, ಸ್ಪೀಡ್ ಕಮ್ಮಿ, ಸದ್ದು ಬೇರೆ. ಕಮಿನ್ಸ್ ಕಂಪನಿ ಮೊದಲು ಮಾಡಿದ್ದು ರೈತರಿಗೆ ಬೇಕಾದ ಸಣ್ಣ ಎಂಜಿನ್‌ಗಳನ್ನ. ಸಿಯರ್ಸ್ ಅನ್ನೋ ದೊಡ್ಡ ಅಂಗಡಿಯವರು ಅವನ್ನ ಮಾರಿದರು, ಇಷ್ಟ ಆಗದಿದ್ದರೆ ದುಡ್ಡು ವಾಪಸ್ ಅನ್ನೋ ಗ್ಯಾರಂಟಿ ಕೊಟ್ಟು. ವಾಪಸ್ ಬಂದ ಎಂಜಿನ್‌ಗಳ ನಷ್ಟ ಕಂಪನಿಗೆ ದೊಡ್ಡ ಪೆಟ್ಟಾಯಿತು. ಹತ್ತು ವರ್ಷ ಹೀಗೇ ಏಳುತ್ತಾ ಬೀಳುತ್ತಾ ನಡೆಯಿತು. ಇರ್ವಿನ್ ದುಡ್ಡು ಹಾಕುತ್ತಲೇ ಹೋದರು, ಲಾಭ ಮಾತ್ರ ಬರಲಿಲ್ಲ.

ಮೈಲೇಜ್ ಮಾರಿದ ಮನುಷ್ಯ

1929ರ ಅಕ್ಟೋಬರ್‌ನಲ್ಲಿ ಅಮೆರಿಕದ ಷೇರು ಮಾರುಕಟ್ಟೆ ಕುಸಿದು ಬಿತ್ತು. ಕಂಪನಿ ಮುಚ್ಚೋ ಪರಿಸ್ಥಿತಿ. ಕ್ಲೆಸಿ ಒಂದು ಹಳೇ ಪ್ಯಾಕರ್ಡ್ ಕಾರು ತಂದು, ಅದರ ಪೆಟ್ರೋಲ್ ಎಂಜಿನ್ ಬಿಚ್ಚಿ, ತಮ್ಮ ಡೀಸೆಲ್ ಎಂಜಿನ್ ತುರುಕಿದರು. ಆ ವರ್ಷದ ಕ್ರಿಸ್‌ಮಸ್ ದಿನ ಇರ್ವಿನ್ ಅವರನ್ನ ಅದರಲ್ಲಿ ಕೂರಿಸಿ ಒಂದು ರೌಂಡ್ ಹೊಡೆಸಿದರು. ಮುಳುಗ್ತಿದ್ದ ಕಂಪನಿಗೆ ಇರ್ವಿನ್ ಮತ್ತೆ ದುಡ್ಡು ಹಾಕೋಕೆ ಒಪ್ಪಿದರು.

ಆಮೇಲೆ ಶುರುವಾದದ್ದು ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಅಪ್ಪಟ ಮಾರ್ಕೆಟಿಂಗ್. 1930ರ ಜನವರಿಯಲ್ಲಿ ಅದೇ ಕಾರಿನಲ್ಲಿ ಇಂಡಿಯಾನಾದಿಂದ ನ್ಯೂಯಾರ್ಕ್‌ನ ಆಟೋ ಶೋಗೆ ಹೊರಟರು. ಸುಮಾರು 1,270 ಕಿ.ಮೀ. ದಾರಿಗೆ ಖರ್ಚಾದ ಇಂಧನ 1 ಡಾಲರ್ 38 ಸೆಂಟ್‌ನದ್ದು. ಪೇಪರ್‌ನವರಿಗೆ ಇದಕ್ಕಿಂತ ಒಳ್ಳೇ ಸುದ್ದಿ ಬೇಕಾ? ಅದೇ ವರ್ಷ ಡೇಟೋನಾ ಬೀಚ್‌ನ ಮರಳಿನ ಮೇಲೆ ಡೀಸೆಲ್ ಕಾರನ್ನ ಗಂಟೆಗೆ ಸುಮಾರು 129 ಕಿ.ಮೀ. ವೇಗದಲ್ಲಿ ಓಡಿಸಿ ದಾಖಲೆ ಮಾಡಿದರು. ಮುಂದಿನ ವರ್ಷ, ಅದೇ ಜಾಗದಲ್ಲಿ, ಸುಮಾರು 162 ಕಿ.ಮೀ. 1931ರ ಇಂಡಿಯಾನಾಪೊಲಿಸ್ 500 ರೇಸ್‌ನಲ್ಲಿ ಡೇವ್ ಇವಾನ್ಸ್ ಅನ್ನೋ ಡ್ರೈವರ್ ಓಡಿಸಿದ ಕಮಿನ್ಸ್ ಡೀಸೆಲ್ ಕಾರು 500 ಮೈಲಿಯನ್ನ ಒಂದು ಸಲವೂ ಪಿಟ್‌ಗೆ ಬರದೆ ಮುಗಿಸಿತು. ಆ ರೇಸ್‌ನಲ್ಲಿ ಅಲ್ಲಿವರೆಗೆ ಯಾರೂ ಮಾಡದೇ ಇದ್ದ ಕೆಲಸ ಅದು. ಬಂದದ್ದು 13ನೇ ಸ್ಥಾನ, ಆದರೆ ಸುದ್ದಿ ಆದದ್ದು ಇದೇ ಕಾರು.

ಗಮನಿಸಿ, ಈ ಎಲ್ಲ ಸಾಹಸಗಳಲ್ಲೂ ಅವರು ತೋರಿಸಿದ್ದು ಎರಡೇ ಗುಣ. ಡೀಸೆಲ್ ಎಂಜಿನ್ ಜೋರಾಗಿ ಓಡುತ್ತೆ, ಕಮ್ಮಿ ಕುಡಿಯುತ್ತೆ. ನಿಲ್ಲೋದರ ಬಗ್ಗೆ ಯಾರೂ ಕೇಳಿರಲಿಲ್ಲ.

ಕಹೋನ್ ಪಾಸ್

1931ರ ಆಗಸ್ಟ್. ಈ ಸಲ ಕಾರು ಬಿಟ್ಟು ಟ್ರಕ್. ನ್ಯೂಯಾರ್ಕ್‌ನಿಂದ ಲಾಸ್ ಏಂಜಲಿಸ್‌ಗೆ, ಅಂದರೆ ಅಮೆರಿಕದ ಒಂದು ತೀರದಿಂದ ಇನ್ನೊಂದು ತೀರಕ್ಕೆ, 5,000 ಕಿ.ಮೀ.ಗೂ ಹೆಚ್ಚು ದಾರಿ. ಟ್ರಕ್‌ನಲ್ಲಿ ಕ್ಲೆಸಿ, ಡೇವ್ ಇವಾನ್ಸ್ ಮತ್ತು ಫೋರ್ಡ್ ಮೋಯರ್, ಮೂರು ಜನ. ಹಗಲು ರಾತ್ರಿ ಸರದಿ ಮೇಲೆ ಓಡಿಸಿದರು. ಇಡೀ ಪ್ರಯಾಣದ ಇಂಧನದ ಖರ್ಚು 11 ಡಾಲರ್ 22 ಸೆಂಟ್. ಜಾಹೀರಾತಿಗೆ ಇನ್ನೇನು ಬೇಕು.

ಆದರೆ ಲಾಸ್ ಏಂಜಲಿಸ್ ಮುಟ್ಟೋ ಮೊದಲು ಒಂದು ಘಾಟಿ ಇಳಿಯಬೇಕು. ಅದರ ಹೆಸರು ಕಹೋನ್ ಪಾಸ್. ಮೇಲೆ ಮರುಭೂಮಿ, ಕೆಳಗೆ ಸ್ಯಾನ್ ಬರ್ನಾರ್ಡಿನೋ ಊರು. ಘಾಟಿಯ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,270 ಮೀಟರ್ ಎತ್ತರದಲ್ಲಿದೆ, ಕೆಳಗಿನ ಊರು ಮುನ್ನೂರು ಚಿಲ್ಲರೆ ಮೀಟರ್‌ನಲ್ಲಿ. ಅಂದರೆ ಸುಮಾರು 900 ಮೀಟರ್ ಇಳಿಜಾರು. ನಮ್ಮ ಆಗುಂಬೆ ಘಾಟಿಯ 14 ತಿರುವುಗಳನ್ನ ಇಳಿದವರು ಅದಕ್ಕಿಂತ ಇನ್ನೂ ಆಳದ ಒಂದು ಇಳಿಜಾರನ್ನ ಭಾರದ ಟ್ರಕ್‌ನಲ್ಲಿ ಇಳಿಯೋದನ್ನ ಊಹಿಸಿಕೊಳ್ಳಿ.

ಇಳಿಯುತ್ತಾ ಇಳಿಯುತ್ತಾ ಬ್ರೇಕ್ ಕೆಲಸ ಮಾಡೋದು ಕಮ್ಮಿ ಆಯಿತು. ಎಷ್ಟು ಒತ್ತಿದರೂ ಟ್ರಕ್ ಹಿಡಿತಕ್ಕೆ ಬರಲಿಲ್ಲ. ಗೇರ್‌ನಲ್ಲೇ ಇತ್ತು, ಆದರೂ ಎಂಜಿನ್ ತಡೆಯಲಿಲ್ಲ. ವೇಗ ಏರ್ತಾ ಹೋಯಿತು. ಘಾಟಿಯ ಬುಡದಲ್ಲಿ ರೈಲ್ವೆ ಗೇಟು, ಮತ್ತು ಅದೇ ಹೊತ್ತಿಗೆ ರಸ್ತೆಗೆ ಅಡ್ಡಲಾಗಿ ಒಂದು ಗೂಡ್ಸ್ ರೈಲು ಹೋಗ್ತಾ ಇತ್ತು. ಟ್ರಕ್ ಹಳಿ ಮುಟ್ಟೋ ಹೊತ್ತಿಗೆ ರೈಲಿನ ಕೊನೇ ಬೋಗಿ ಆಗಷ್ಟೇ ದಾಟಿತು. ಕೂದಲೆಳೆ ಅಂತರದಲ್ಲಿ ಮೂವರೂ ಉಳಿದುಕೊಂಡರು.

ಮೂವರೂ ಲಾಸ್ ಏಂಜಲಿಸ್ ಮುಟ್ಟಿದರು. 11 ಡಾಲರ್ 22 ಸೆಂಟ್ ಸುದ್ದಿಯಾಯಿತು. ಕ್ಲೆಸಿಗೆ ಮಾತ್ರ ಆ ಇಳಿಜಾರು ಮರೆತುಹೋಗಲಿಲ್ಲ. ಆಗ ಅವರಿಗೆ 42 ವರ್ಷ.

ಅಷ್ಟು ಬಿಸಿ ಎಲ್ಲಿ ಹೋಗಬೇಕು

ಇಲ್ಲಿ ಕಥೆ ನಿಲ್ಲಿಸಿ ಸ್ವಲ್ಪ ಲೆಕ್ಕ ಮಾಡೋಣ. ಫಸ್ಟ್ ಇಯರ್ ಫಿಸಿಕ್ಸ್ ಸಾಕು.

ಎತ್ತರದಲ್ಲಿರೋ ಗಾಡಿಗೆ mgh ಅಂತ ನಾವು ಬರೆಯೋ ಆ ಶಕ್ತಿ ಇರುತ್ತೆ, ಅಂದರೆ ತೂಕ, ಗುರುತ್ವ, ಎತ್ತರ ಮೂರರ ಗುಣಲಬ್ಧ. ಗಾಡಿ ಒಂದೇ ವೇಗದಲ್ಲಿ ಕೆಳಗಿಳಿದರೆ ಆ ಶಕ್ತಿಯೆಲ್ಲ ಎಲ್ಲಾದರೂ ಹೋಗಲೇಬೇಕು. ಸ್ವಲ್ಪ ಗಾಳಿಗೆ, ಸ್ವಲ್ಪ ಟೈರಿಗೆ. ಉಳಿದದ್ದನ್ನ ಬ್ರೇಕ್ ಹಿಡಿದರೆ ಬ್ರೇಕೇ ಬಿಸಿಯಾಗಿ ಹೀರಬೇಕು. 10 ಟನ್ ಟ್ರಕ್ ಅಂತ ಇಟ್ಟುಕೊಳ್ಳಿ, 900 ಮೀಟರ್ ಇಳಿದರೆ ಸುಮಾರು 88 ಮೆಗಾಜೂಲ್. ಅಷ್ಟರಲ್ಲಿ 250 ಲೀಟರ್‌ಗೂ ಹೆಚ್ಚು ತಣ್ಣೀರು ಕುದಿಸಬಹುದು. ಅದನ್ನೆಲ್ಲ ನಾಲ್ಕಾರು ಕಬ್ಬಿಣದ ಡ್ರಮ್‌ಗಳ ಮೇಲೆ ಸುರಿದರೆ ಏನಾಗುತ್ತೆ? ಡ್ರಮ್ ಬಿಸಿಗೆ ಹಿಗ್ಗಿ ಶೂನಿಂದ ದೂರ ಸರಿಯುತ್ತೆ. ಲೈನಿಂಗ್‌ನ ಘರ್ಷಣೆ ಕಮ್ಮಿಯಾಗುತ್ತೆ. ಪೆಡಲ್ ಒತ್ತಿದಷ್ಟೂ ಒಳಗೆ ಹೋಗುತ್ತೆ, ಗಾಡಿ ನಿಲ್ಲಲ್ಲ. ಇದಕ್ಕೇ ಬ್ರೇಕ್ ಫೇಡ್ ಅನ್ನೋದು.

ಬೈಕ್‌ಗೂ ಇದೇ ಲೆಕ್ಕ. ಬೈಕು, ಇಬ್ಬರು ಸವಾರರು ಸೇರಿ 280 ಕೆ.ಜಿ. ಅಂದುಕೊಳ್ಳಿ. ನಂದಿ ಬೆಟ್ಟದ ಮೇಲಿಂದ ಬುಡಕ್ಕೆ ಸುಮಾರು 500 ಮೀಟರ್ ಇಳಿದರೆ 1.37 ಮೆಗಾಜೂಲ್. ನಾಲ್ಕು ಲೀಟರ್ ನೀರು ಕುದಿಯೋ ಅಷ್ಟು. ಒಂದು ಡಿಸ್ಕು, ಒಂದು ಡ್ರಮ್ಮು ಇದನ್ನ ತಡೆದುಕೊಳ್ಳುತ್ತವೆ, ಮಧ್ಯೆ ಮಧ್ಯೆ ಗಾಳಿ ಬಿದ್ದು ತಣ್ಣಗಾದರೆ. ಇಳಿಯೋ ಉದ್ದಕ್ಕೂ ಒಂದೇ ಸಮನೆ ಲಿವರ್ ಹಿಡಿದೇ ಇದ್ದರೆ ತಣ್ಣಗಾಗೋಕೆ ಸಮಯ ಎಲ್ಲಿ? ಡಿಸ್ಕ್ ಬ್ರೇಕ್‌ನ ಎಣ್ಣೆ ಹಳೆಯದಾಗಿದ್ದರೆ ಅದರಲ್ಲಿ ನೀರಿನ ಅಂಶ ಸೇರಿಕೊಂಡಿರುತ್ತೆ. ಬಿಸಿ ಜಾಸ್ತಿಯಾದರೆ ಒಳಗೆ ಆವಿಯ ಗುಳ್ಳೆ ಏಳುತ್ತೆ, ಲಿವರ್ ಮೆತ್ತಗಾಗಿ ಹ್ಯಾಂಡಲ್‌ಗೆ ಬಂದು ತಾಗುತ್ತೆ.

ಇನ್ನು ಎಂಜಿನ್ ಯಾಕೆ ತಡೆಯಲಿಲ್ಲ? ಕಥೆಯ ವ್ಯಂಗ್ಯ ಇರೋದು ಇಲ್ಲೇ.

ಪೆಟ್ರೋಲ್ ಎಂಜಿನ್‌ಗೆ ಥ್ರಾಟಲ್ ಇರುತ್ತೆ. ನಾವು ಆಕ್ಸಿಲರೇಟರ್ ಬಿಟ್ಟರೆ ಗಾಳಿ ಒಳಗೆ ಹೋಗೋ ದಾರಿ ಮುಚ್ಚುತ್ತೆ. ಪಿಸ್ಟನ್ ಕೆಳಗೆ ಬರುವಾಗ ಮುಚ್ಚಿದ ದಾರಿಯಿಂದ ಗಾಳಿ ಎಳೆಯೋಕೆ ಒದ್ದಾಡಬೇಕು. ಎಳನೀರಿನ ಸ್ಟ್ರಾ ತುದಿಯನ್ನ ಬೆರಳಿಂದ ಮುಚ್ಚಿ ಹೀರಿ ನೋಡಿ, ಕೆನ್ನೆ ನೋಯುತ್ತೆ. ಆ ನೋವನ್ನ ಎಂಜಿನ್‌ಗೆ ಕೊಡ್ತಿರೋದು ಹಿಂದಿನ ಚಕ್ರ. ಹಾಗಾಗಿ ಚಕ್ರ ನಿಧಾನ ಆಗುತ್ತೆ. ಕೆಳಗಿನ ಗೇರ್‌ನಲ್ಲಿದ್ದರೆ ಎಂಜಿನ್ ಜಾಸ್ತಿ ಸಲ ಸುತ್ತಬೇಕು, ಅಷ್ಟು ಸಲ ಹೀರಬೇಕು, ತಡೆಯೂ ಅಷ್ಟು ಜಾಸ್ತಿ.

ಡೀಸೆಲ್ ಎಂಜಿನ್‌ಗೆ ಆ ಥ್ರಾಟಲ್ಲೇ ಇರಲಿಲ್ಲ. ಗಾಳಿ ಸದಾ ಸಲೀಸಾಗಿ ಒಳಗೆ ಬರುತ್ತೆ, ಡೀಸೆಲ್ ಎಷ್ಟು ಸಿಂಪಡಿಸಬೇಕು ಅನ್ನೋದಷ್ಟೇ ಬದಲಾಗೋದು. ಕಮ್ಮಿ ಕುಡಿಯೋಕೆ ಇದೂ ಒಂದು ಕಾರಣ. ಹಾಗಾದರೆ ಪಿಸ್ಟನ್ ಮೇಲೆ ಹೋಗುವಾಗ ಗಾಳಿಯನ್ನ ಅಷ್ಟು ಜೋರಾಗಿ ಒತ್ತುತ್ತಲ್ಲ, ಅದು ತಡೆ ಅಲ್ವಾ? ತಡೆಯೇ. ಆದರೆ ಒತ್ತಿದ ಗಾಳಿ ಸ್ಪ್ರಿಂಗ್ ಥರ. ಪಿಸ್ಟನ್ ತುದಿ ಮುಟ್ಟಿ ಕೆಳಗೆ ತಿರುಗಿದ ಕೂಡಲೇ ಅದೇ ಗಾಳಿ ಪಿಸ್ಟನ್‌ನ ವಾಪಸ್ ತಳ್ಳುತ್ತೆ. ಸೈಕಲ್ ಪಂಪಿನ ಬಾಯಿ ಮುಚ್ಚಿ ಹಿಡಿ ಒತ್ತಿ ಬಿಟ್ಟರೆ ಹಿಡಿ ಹೇಗೆ ಎದ್ದು ಬರುತ್ತೋ ಹಾಗೆ. ಕೊಟ್ಟದ್ದೆಲ್ಲ ಹೆಚ್ಚುಕಮ್ಮಿ ವಾಪಸ್. ಉಳಿಯೋ ತಡೆ ತೀರಾ ಕಮ್ಮಿ.

ಅಂದರೆ, ಕ್ಲೆಸಿ ಊರೂರು ಸುತ್ತಿ ಮಾರಿದ ಅದೇ ಗುಣ, ಇಂಧನ ಉಳಿಸೋ ಗುಣ, ಇಳಿಜಾರಿನಲ್ಲಿ ದೋಷವಾಗಿ ಎದುರು ನಿಂತಿತ್ತು. ಪೆಟ್ರೋಲ್ ಟ್ರಕ್‌ನವರಿಗೆ ಪುಕ್ಕಟೆ ಸಿಗ್ತಿದ್ದ ಒಂದು ಬ್ರೇಕು ಅವರ ಟ್ರಕ್‌ಗೆ ಇರಲೇ ಇಲ್ಲ.

ಉತ್ತರ ಎಂಜಿನ್ ಒಳಗೇ ಇತ್ತು

ಆಮೇಲಿನ ಇಪ್ಪತ್ತೈದು ವರ್ಷವನ್ನ ಬೇಗ ಹೇಳಿ ಮುಗಿಸಬಹುದು. ಕಂಪನಿಗೆ 1937ರಲ್ಲಿ ಮೊದಲ ಸಲ ಲಾಭ ಬಂತು, ಶುರುವಾಗಿ 18 ವರ್ಷದ ಮೇಲೆ. ಇರ್ವಿನ್ ಕುಟುಂಬದ ಜೆ. ಇರ್ವಿನ್ ಮಿಲ್ಲರ್ ಆಡಳಿತ ವಹಿಸಿಕೊಂಡರು. ಟ್ರಕ್‌ಗಳಿಗೆ ಡೀಸೆಲ್ ಎಂಜಿನ್ ಅನ್ನೋದು ವಿಚಿತ್ರ ಅನ್ನೋ ಕಾಲ ಹೋಗಿ ಮಾಮೂಲಿ ಅನ್ನೋ ಕಾಲ ಬಂತು. ಅಷ್ಟರ ಮಟ್ಟಿಗೆ ಕ್ಲೆಸಿ ಗೆದ್ದಿದ್ದರು. ಗೆದ್ದದ್ದರಿಂದಲೇ ಕಹೋನ್ ಪಾಸ್‌ನ ಸಮಸ್ಯೆ ಅವರೊಬ್ಬರದ್ದಾಗಿ ಉಳಿಯಲಿಲ್ಲ. ಸಾವಿರಾರು ಡ್ರೈವರ್‌ಗಳು ಭಾರ ತುಂಬಿದ ಡೀಸೆಲ್ ಟ್ರಕ್‌ಗಳಲ್ಲಿ ಬೆಟ್ಟ ಇಳಿಯೋಕೆ ಶುರು ಮಾಡಿದ್ದರು.

1950ರ ದಶಕದ ಮಧ್ಯದಲ್ಲಿ ಕ್ಲೆಸಿ ಕಂಪನಿಯಿಂದ ಹೊರಬಂದು ಕ್ಯಾಲಿಫೋರ್ನಿಯಾದ ಸಾಸಲಿಟೋದಲ್ಲಿ ನೆಲೆಸಿದರು. ವಯಸ್ಸು ಅರವತ್ತೈದು ದಾಟಿತ್ತು. ಈ ವಯಸ್ಸಿಗೆ ನಮ್ಮ ಬಡಾವಣೆಯ ತಾತಂದಿರು ಪಾರ್ಕ್ ಬೆಂಚಿನ ಮೇಲೆ ಕೂತಿರ್ತಾರೆ. ಕ್ಲೆಸಿ ಹಳೇ ಲೆಕ್ಕ ತೆಗೆದು ಕೂತರು.

ಯೋಚನೆ ಇಷ್ಟೇ. ಒತ್ತಿದ ಗಾಳಿ ಸ್ಪ್ರಿಂಗ್ ಥರ ವಾಪಸ್ ತಳ್ಳೋದೇ ತೊಂದರೆ ಅಂದಮೇಲೆ, ಅದಕ್ಕೆ ತಳ್ಳೋ ಅವಕಾಶವನ್ನೇ ಕೊಡಬಾರದು. ಪಿಸ್ಟನ್ ಮೇಲೆ ಬಂದು ಗಾಳಿಯನ್ನ ಪೂರ್ತಿ ಒತ್ತಿದ ಕ್ಷಣಕ್ಕೆ ಸರಿಯಾಗಿ ಎಗ್ಸಾಸ್ಟ್ ವಾಲ್ವ್ ತೆರೆದುಬಿಟ್ಟರೆ? ಆ ಗಾಳಿ ಸೈಲೆನ್ಸರ್ ಮೂಲಕ ಹೊರಗೆ ಹಾರಿಹೋಗುತ್ತೆ. ಒತ್ತೋಕೆ ಖರ್ಚಾದ ಶಕ್ತಿ ಗಾಡಿಯದ್ದು, ವಾಪಸ್ ಬರೋದು ಏನೂ ಇಲ್ಲ. ಡೀಸೆಲ್ ಸಿಂಪಡಿಸೋದನ್ನೂ ನಿಲ್ಲಿಸಿದರೆ ಎಂಜಿನ್ ಒಂದು ದೊಡ್ಡ ಏರ್ ಕಂಪ್ರೆಸರ್ ಆಗಿಬಿಡುತ್ತೆ, ಅದನ್ನ ತಿರುಗಿಸೋ ಕೆಲಸ ಟ್ರಕ್‌ನ ಚಕ್ರಗಳದ್ದು.

ಹೇಳೋಕೆ ಸುಲಭ. ಆದರೆ ಪ್ರತಿ ಸಿಲಿಂಡರ್‌ನಲ್ಲೂ ಸರಿಯಾದ ಆ ಒಂದು ಕ್ಷಣಕ್ಕೆ ವಾಲ್ವ್ ತೆರೆಯೋಕೆ ಯಾರು ಹೇಳಬೇಕು? ಮಾಮೂಲಿ ಕ್ಯಾಮ್ ಎಗ್ಸಾಸ್ಟ್ ವಾಲ್ವನ್ನ ತೆರೆಯೋದು ಬೇರೆ ಹೊತ್ತಿನಲ್ಲಿ. ಹೊಸ ಕ್ಯಾಮ್ ಹಾಕಿದರೆ ಎಂಜಿನ್ ಮಾಮೂಲಿಯಾಗಿ ಓಡಲ್ಲ.

ಉತ್ತರ ಅವರದೇ ಎಂಜಿನ್‌ನಲ್ಲಿತ್ತು. ಕಮಿನ್ಸ್ ಎಂಜಿನ್‌ನಲ್ಲಿ ಪ್ರತಿ ಸಿಲಿಂಡರ್‌ಗೆ ಮೂರು ಕ್ಯಾಮ್. ಒಂದು ಗಾಳಿ ಒಳಬರೋ ವಾಲ್ವ್‌ಗೆ, ಒಂದು ಹೊರಹೋಗೋ ವಾಲ್ವ್‌ಗೆ, ಮೂರನೆಯದು ಡೀಸೆಲ್ ಸಿಂಪಡಿಸೋ ಇಂಜೆಕ್ಟರ್‌ಗೆ. ಇಂಜೆಕ್ಟರ್ ಕೆಲಸ ಮಾಡೋದು ಯಾವಾಗ? ಪಿಸ್ಟನ್ ಗಾಳಿಯನ್ನ ಪೂರ್ತಿ ಒತ್ತಿ ಮೇಲಿನ ತುದಿಗೆ ಬಂದಾಗ. ಬೇಕಾಗಿದ್ದ ಕ್ಷಣ ಅದೇ! ಬ್ರೇಕ್ ಬೇಕಾದಾಗ ಇಂಜೆಕ್ಟರ್‌ನ ಆ ಚಲನೆಯನ್ನ ಎಣ್ಣೆಯ ಒತ್ತಡದ ಮೂಲಕ ಎಗ್ಸಾಸ್ಟ್ ವಾಲ್ವ್‌ಗೆ ದಾಟಿಸಿದರೆ ಆಯಿತು. ಒಂದು ಸಣ್ಣ ಪಿಸ್ಟನ್ ತಳ್ಳುತ್ತೆ, ಇನ್ನೊಂದು ತಳ್ಳಿಸಿಕೊಂಡು ವಾಲ್ವ್ ತೆರೆಯುತ್ತೆ. ಡ್ರೈವರ್ ಸ್ವಿಚ್ ಆಫ್ ಮಾಡಿದರೆ ಎಣ್ಣೆ ಹಿಂದಕ್ಕೆ ಹೋಗಿ ಎಲ್ಲ ಮೊದಲಿನ ಹಾಗೆ. ಎಂಜಿನ್ ಬದಲಿಸೋದು ಬೇಡ, ತಲೆ ಮೇಲೆ ಒಂದು ಪೆಟ್ಟಿಗೆ ಕೂರಿಸಿದರೆ ಸಾಕು.

ಕಹೋನ್ ಪಾಸ್ ಇಳಿದ ದಿನವೂ ಆ ಥರದ ಕ್ಯಾಮ್‌ಗಳು ತಿರುಗುತ್ತಲೇ ಇದ್ದವು. ಅದು ಕಣ್ಣಿಗೆ ಬೀಳೋಕೆ ಕಾಲು ಶತಮಾನ ಬೇಕಾಯಿತು.

ಇಷ್ಟು ಮಾಡಿದ ಮೇಲೂ ಕೊಳ್ಳೋರು ಸುಲಭವಾಗಿ ಸಿಗಲಿಲ್ಲ. ಕೊನೆಗೆ ಕೈ ಹಿಡಿದದ್ದು ಜೇಕಬ್ಸ್ ಅನ್ನೋ ಕಂಪನಿ. ನಮ್ಮ ವರ್ಕ್‌ಶಾಪ್‌ನಲ್ಲಿ ಡ್ರಿಲ್ಲಿಂಗ್ ಮೆಷಿನ್‌ಗೆ ಬಿಟ್ ಸಿಕ್ಕಿಸಿ ಕೀ ಹಾಕಿ ತಿರುಗಿಸ್ತೀವಲ್ಲ, ಆ ಡ್ರಿಲ್ ಚಕ್ ಮಾಡೋದರಲ್ಲಿ ಹೆಸರಾದ ಕಂಪನಿ ಅದು. ಬ್ರೇಕಿಗೂ ಅವರಿಗೂ ಸಂಬಂಧವೇ ಇರಲಿಲ್ಲ. 1961ರಲ್ಲಿ ಮೊದಲ ಬ್ರೇಕ್‌ಗಳು ಮಾರುಕಟ್ಟೆಗೆ ಬಂದವು. ಡ್ರೈವರ್‌ಗಳು ಅದಕ್ಕೆ ಜೇಕ್ ಬ್ರೇಕ್ ಅಂತ ಹೆಸರಿಟ್ಟರು. ಕ್ಲೆಸಿಗೆ ಆಗ 72. ಪೇಟೆಂಟ್ ಕೈಗೆ ಬಂದದ್ದು 1965ರಲ್ಲಿ.

ಒತ್ತಿದ ಗಾಳಿ ಒಮ್ಮೆಲೇ ಹೊರಬರೋದರಿಂದ ಡಬಡಬ ಅಂತ ಸದ್ದು ಜೋರು. ಅಮೆರಿಕದ ಎಷ್ಟೋ ಊರುಗಳ ಬಾಗಿಲಲ್ಲಿ ಇಲ್ಲಿ ಎಂಜಿನ್ ಬ್ರೇಕ್ ಬಳಸಬೇಡಿ ಅನ್ನೋ ಬೋರ್ಡ್‌ಗಳಿವೆ. ಊರಿನವರಿಗೆ ಕಿರಿಕಿರಿಯಾದರೂ ಬೆಟ್ಟ ಇಳಿಯೋ ಡ್ರೈವರ್‌ಗೆ ಅದು ಜೀವ ಉಳಿಸೋ ಸದ್ದು. 1985ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್‌ಗಳ ಸಂಸ್ಥೆ ಇದನ್ನ ಚಾರಿತ್ರಿಕ ಮೈಲಿಗಲ್ಲು ಅಂತ ಗುರುತಿಸಿತು. ನೋಡೋಕೆ ಕ್ಲೆಸಿ ಇರಲಿಲ್ಲ. 1967ರಲ್ಲಿ ತಮ್ಮ ಡೀಸೆಲ್ ದಿನಗಳ ಬಗ್ಗೆ ಒಂದು ಪುಸ್ತಕ ಹೊರತಂದು, 1968ರಲ್ಲಿ, 79ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ನಮ್ಮ ಕಡೆಯ ನಂಟು

ಕಮಿನ್ಸ್ ಹೆಸರು ನಮ್ಮ ದೇಶಕ್ಕೆ ಬಂದದ್ದು 1962ರಲ್ಲಿ, ಪುಣೆಯ ಕಿರ್ಲೋಸ್ಕರ್ ಕಮಿನ್ಸ್ ಕಂಪನಿಯ ಮೂಲಕ. ಕಿರ್ಲೋಸ್ಕರ್ ಅಂದಕೂಡಲೇ ಎಲ್ಲರಿಗೂ ಮಹಾರಾಷ್ಟ್ರ ನೆನಪಾಗುತ್ತೆ. ಆದರೆ ಆ ಮನೆತನದ ಉದ್ಯಮ ಶುರು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಮೊದಲ ಅಂಗಡಿ ಹಾಕಿದ್ದು ಬೆಳಗಾವಿಯಲ್ಲಿ, ಮಾರಿದ್ದು ಸೈಕಲ್. ಒಬ್ಬರು ಕಾರ್ ಡ್ರೈವರ್ ಆಗಿ ಶುರು ಮಾಡಿದವರು, ಇನ್ನೊಬ್ಬರು ಸೈಕಲ್ ಅಂಗಡಿಯಿಂದ. ಇಬ್ಬರ ಹೆಸರೂ ಕೊನೆಗೆ ಒಂದೇ ಎಂಜಿನ್ ಮೇಲೆ ಬಂದವು.

ನಮ್ಮ ಬೈಕ್‌ಗೆ ಇದರಿಂದ ಏನು

ಈಗ ಗ್ಯಾರೇಜ್ ಮುಂದಿನ ವಾದಕ್ಕೆ ವಾಪಸ್ ಬರೋಣ. ಕ್ಲೆಸಿಯ ಕಥೆಯಿಂದ ನಮಗೆ ಅರ್ಥ ಆದದ್ದು ಒಂದು ಮಾತು: ಇಳಿಜಾರಿನಲ್ಲಿ ವೇಗ ಏರದ ಹಾಗೆ ಹಿಡಿದುಕೊಳ್ಳೋದು ಎಂಜಿನ್ ಕೆಲಸ, ಗಾಡಿ ನಿಲ್ಲಿಸೋದು ಬ್ರೇಕ್ ಕೆಲಸ. ಅಪಾಯ ಬರೋದು ಎರಡೂ ಕೆಲಸವನ್ನ ಒಂದರ ತಲೆಗೇ ಕಟ್ಟಿದಾಗ.

ಊರೊಳಗೆ, ಮಾಗಡಿ ರೋಡ್ ಸಿಗ್ನಲ್‌ನಲ್ಲಿ, ಬ್ರೇಕೇ ಮುಖ್ಯ. ಗಾಡಿ ನಿಲ್ಲಿಸುವಾಗ ತೂಕ ಮುಂದಕ್ಕೆ ಬರೋದರಿಂದ ಹೆಚ್ಚಿನ ಕೆಲಸ ಮಾಡೋದು ಮುಂದಿನ ಬ್ರೇಕು. ಎಂಜಿನ್ ತಡೆಯೋದು ಹಿಂದಿನ ಚಕ್ರವನ್ನ ಮಾತ್ರ. ಸಾಲದ್ದಕ್ಕೆ, ಬರೀ ಗೇರ್ ಇಳಿಸಿ ನಿಧಾನ ಮಾಡಿದರೆ ಹಿಂದಿನ ಕೆಂಪು ಲೈಟ್ ಹತ್ತಲ್ಲ. ಹಿಂದೆ ಅಂಟಿಕೊಂಡು ಬರ್ತಿರೋ ಆಟೋ ಅಣ್ಣನಿಗೆ ನಾವು ನಿಧಾನ ಆಗಿದ್ದು ಗೊತ್ತಾಗೋದೇ ಇಲ್ಲ. ಲಿವರ್ ಲಘುವಾಗಿ ಮುಟ್ಟಿದರೂ ಲೈಟ್ ಹತ್ತುತ್ತೆ, ಅಷ್ಟು ಮಾಡಿ. ಈಗಿನ 125 ಸಿಸಿ ಮೇಲಿನ ಹೊಸ ಬೈಕ್‌ಗಳಲ್ಲಿ ಎಬಿಎಸ್ ಕಡ್ಡಾಯ, ಆದರೆ ಎಬಿಎಸ್ ಚಕ್ರ ಲಾಕ್ ಆಗೋದನ್ನ ತಪ್ಪಿಸುತ್ತೆ ಅಷ್ಟೇ. ಬಿಸಿಯಾಗಿ ಸೋತ ಬ್ರೇಕ್‌ಗೆ ಅದು ಜೀವ ತುಂಬಲ್ಲ.

ಘಾಟಿಯಲ್ಲಿ ಹತ್ತೋಕೆ ಯಾವ ಗೇರ್ ಬೇಕೋ ಇಳಿಯೋಕೂ ಅದೇ ಗೇರ್ ಅನ್ನೋ ಹಳೇ ಡ್ರೈವರ್‌ಗಳ ಲೆಕ್ಕ ಸರಿಯಾಗೇ ಇದೆ. ಗೇರ್ ಇಳಿಸಬೇಕಾದ್ದು ಇಳಿಜಾರು ಶುರುವಾಗೋ ಮೊದಲೇ, ವೇಗ ಏರಿದ ಮೇಲೆ ಅಲ್ಲ. ಜೋರಾಗಿ ಹೋಗ್ತಿರುವಾಗ ದಬದಬ ಅಂತ ಎರಡು ಗೇರ್ ಇಳಿಸಿ ಕ್ಲಚ್ ಬಿಟ್ಟರೆ ಹಿಂದಿನ ಚಕ್ರ ಕುಣಿಯುತ್ತೆ, ಮಳೆಗಾಲದಲ್ಲಾದರೆ ಜಾರಿಯೇ ಹೋಗುತ್ತೆ. ಒಂದೊಂದೇ ಗೇರ್, ಕ್ಲಚ್ ನಿಧಾನಕ್ಕೆ. ತಿರುವಿನ ಮೊದಲು ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಪೂರ್ತಿ ಬಿಟ್ಟು ತಣ್ಣಗಾಗೋಕೆ ಬಿಡಿ. ಉದ್ದಕ್ಕೂ ಉಜ್ಜುತ್ತಾ ಇಳಿಯೋದಕ್ಕಿಂತ ಇದು ಎಷ್ಟೋ ಮೇಲು.

ಮನೆಯಲ್ಲಿ ಅಪ್ಪನದ್ದೋ ಚಿಕ್ಕಪ್ಪನದ್ದೋ ಹಳೇ ಯೆಜ್ಡಿ ಇರೋರಿಗೆ ಒಂದು ಮಾತು. 1960ರ ದಶಕದಿಂದ 1996ರ ತನಕ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್ ಗಾಡಿಗಳು. ಅವುಗಳಲ್ಲಿ ಎಂಜಿನ್ ಬ್ರೇಕಿಂಗ್ ಮೊದಲೇ ಕಮ್ಮಿ. ಮೇಲಾಗಿ ಎಂಜಿನ್‌ಗೆ ಆಯಿಲ್ ಸಿಗೋದು ಪೆಟ್ರೋಲ್ ಜೊತೆ ಬೆರೆತು. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಉದ್ದದ ಇಳಿಜಾರು ಇಳಿದರೆ ಎಂಜಿನ್ ಜೋರಾಗಿ ಸುತ್ತುತ್ತೆ, ಆಯಿಲ್ ಮಾತ್ರ ಹೋಗಲ್ಲ. ಅದಕ್ಕೇ ಹಳೇ ಸವಾರರು ಇಳಿಯುವಾಗಲೂ ಆಗಾಗ ಒಂದು ಸಲ ಆಕ್ಸಿಲರೇಟರ್ ತಿರುವಿ ಬಿಡ್ತಾರೆ. ಅದು ಶೋಕಿ ಅಲ್ಲ, ಎಂಜಿನ್ ಸೀಜ್ ಆಗದ ಹಾಗೆ ನೋಡಿಕೊಳ್ಳೋ ಜಾಣತನ.

ಇನ್ನು ಮೂರನೇ ಪಾರ್ಟಿ, ನ್ಯೂಟ್ರಲ್‌ನವರು. ಇವರು ಕಹೋನ್ ಪಾಸ್‌ನ ಪರಿಸ್ಥಿತಿಯನ್ನ ತಾವಾಗೇ ತಂದುಕೊಳ್ಳೋರು. ಇದ್ದ ಎಂಜಿನ್ ತಡೆಯನ್ನ ಬಿಡಿಸಿ ಎಲ್ಲ ಭಾರವನ್ನೂ ಬ್ರೇಕ್ ಮೇಲೆ ಹಾಕ್ತಾರೆ. ಪೆಟ್ರೋಲ್ ಆದರೂ ಉಳಿಯುತ್ತಾ ಅಂದರೆ, ಈಗಿನ ಫ್ಯುಯೆಲ್ ಇಂಜೆಕ್ಷನ್ ಬೈಕ್‌ಗಳಲ್ಲಿ ಲೆಕ್ಕ ಉಲ್ಟಾ. ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಬಹುತೇಕ ಗಾಡಿಗಳು ಪೆಟ್ರೋಲ್ ಸಿಂಪಡಿಸೋದನ್ನೇ ನಿಲ್ಲಿಸುತ್ತವೆ, ಎಂಜಿನ್ ತಿರುಗಿಸೋದು ಚಕ್ರವೇ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದೆ ಇರಬೇಕಾದರೆ ಪೆಟ್ರೋಲ್ ಸುಡಲೇಬೇಕು. ಉಳಿಯೋದು ಏನೂ ಇಲ್ಲ, ಹೋದರೆ ಹೋಗೋದು ಜೀವ.

ಕ್ಲೆಸಿ ಕಮಿನ್ಸ್ ಮೈಲೇಜ್‌ನಿಂದ ಹೆಸರು ಮಾಡಿದರು. ಜೀವನದ ಕೊನೇ ದೊಡ್ಡ ಕೆಲಸವಾಗಿ ಅವರು ಮಾಡಿದ್ದು ಮಾತ್ರ ಗಾಡಿ ನಿಧಾನ ಮಾಡೋ ಒಂದು ಪೆಟ್ಟಿಗೆ. ತಾವೇ ಕಟ್ಟಿದ ಎಂಜಿನ್‌ನ ದೋಷವನ್ನ ಜಾಹೀರಾತಿನ ಹಿಂದೆ ಮುಚ್ಚಿಡದೆ, ರಿಟೈರ್ ಆದ ಮೇಲೂ ಅದರ ಬೆನ್ನು ಹತ್ತಿದರು. ಬೈಕ್ ಕೊಳ್ಳುವಾಗ ಮೈಲೇಜ್ ಎಷ್ಟು, ಪಿಕಪ್ ಎಷ್ಟು ಅಂತ ನಾವೆಲ್ಲ ಕೇಳ್ತೀವಿ. ಅದರ ಜೊತೆ ಇಳಿಜಾರಿನಲ್ಲಿ ಇದು ಹೇಗೆ ನಿಲ್ಲುತ್ತೆ ಅಂತಲೂ ಕೇಳೋಣ.